ಗ್ಯಾಸ್ ಪೆಟ್ಟಿಗೆಗೆ ಇದ್ದಿಲಿನ ಉಸಿರು

ಯುಗಾದಿಯ ಬೆಳಗು. ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮನೆಮನೆಯ ಹಂಡೆಗಳ ಕೆಳಗೆ ಸೌದೆ ಹತ್ತಿಕೊಂಡು ಹೊಗೆ ಬೀದಿಗಿಳಿದಿದೆ. ಊರೆಲ್ಲ ಎಣ್ಣೆನೀರಿಗೆ ಅಣಿಯಾಗುತ್ತಿರುವ ಈ ಹೊತ್ತಿನಲ್ಲಿ ತಗಡಿನ ಕೆಲಸದ ಕದಿರಪ್ಪ ತಮ್ಮ ಅಂಗಡಿಯ ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಾರೆ. ಕೆನ್ನೆ ನೆಲಕ್ಕೆ ತಾಗಿದೆ. ಎರಡೂ ಕೈಯಲ್ಲಿ ಹಿಡಿದ ಬೈರಿಗೆ ಕಬ್ಬಿಣದ ಉದ್ದನೆಯ ಪೆಟ್ಟಿಗೆಯೊಂದರ ಪಕ್ಕೆಯನ್ನು ಕೊರೆಯುತ್ತಿದೆ. ಒಂದು ತೂತು ಬೀಳುತ್ತದೆ. ಸುರುಳಿಯಾಗಿ ಬಂದ ತಗಡಿನ ಚೂರನ್ನು ಊದಿ, ನಾಲ್ಕು ಬೆರಳು ಆಚೆಗೆ ಸೀಮೆಸುಣ್ಣದ ಗುರುತಿನ ಮೇಲೆ ಮತ್ತೆ ಮೊನೆ ಇಡುತ್ತಾರೆ.

ಬೈರಿಗೆಯ ಮೊನೆ ಬಿಸಿಯಾದಾಗಲೆಲ್ಲ ಪಕ್ಕದ ಬಟ್ಟಲಿನಿಂದ ಒಂದು ತೊಟ್ಟು ಹರಳೆಣ್ಣೆ ಬಿಡುತ್ತಾರೆ. ಆ ಎಣ್ಣೆ ಬಂದದ್ದು ಬೇರೆ ಉದ್ದೇಶಕ್ಕೆ.

"ಏಮಯ್ಯಾ, ತಲೆಗೆ ಅಂತ ಕಾಯಿಸಿ ಕೊಟ್ಟರೆ ಕಬ್ಬಿಣಕ್ಕೆ ಎರೀತಾ ಇದ್ದೀಯಲ್ಲ! ಇವತ್ತು ಹಬ್ಬ ಯಾರಿಗೆ, ನಿಂಗಾ ಪೆಟ್ಟಿಗೆಗಾ?" ಎಂದು ಹೆಂಡತಿ ಬಚ್ಚಮ್ಮ ಬಾಗಿಲಲ್ಲಿ ನಿಂತು ಕೇಳುತ್ತಾರೆ.

"ಇದಕ್ಕೆ ಮೊದಲು ಆಗ್ಲಿ. ಉಳಿದ್ರೆ ನಂಗೆ."

ಬಚ್ಚಮ್ಮ ಗೊಣಗಿಕೊಂಡೇ ಒಳಗೆ ಬರುತ್ತಾರೆ. ಪೆಟ್ಟಿಗೆಯ ಆ ಬದಿಗೆ ಕೂತು, ಒಳಗೋಡೆಗೆ ತಾವೇ ಮೆತ್ತಿದ ಮಣ್ಣಿನ ಮೇಲೆ ಅಂಗೈ ಚಪ್ಪಟೆಯಾಗಿ ಇಡುತ್ತಾರೆ. ಈ ಕಡೆ ಬೈರಿಗೆ ತಿರುಗುವಾಗ ಆ ಮಣ್ಣು ಅದುರುತ್ತದೆಯೇ ಎಂದು ನೋಡುವುದು ಅವರ ಕೆಲಸ. "ನಿಧಾನ" ಅಂದರೆ ಕದಿರಪ್ಪನ ಕೈ ನಿಲ್ಲುತ್ತದೆ. "ಊಂ" ಅಂದರೆ ಮುಂದುವರಿಯುತ್ತದೆ.

ಹಬ್ಬದ ದಿನ ಇಷ್ಟು ಆತುರಕ್ಕೆ ಕಾರಣವಿದೆ. ನಾಳೆ ವರ್ಷತೊಡಕು. ಯುಗಾದಿಯ ಮಾರನೆಯ ದಿನ ಈ ಸೀಮೆಯ ಬಹುತೇಕ ಮನೆಗಳಲ್ಲಿ ಮಾಂಸದ ಅಡುಗೆ. ಆ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ ಬೇರೆ. ಹಾಗಾಗಿ ಅಂದು ಮಕ್ಕಳನ್ನು ಬೈಯುವುದಿಲ್ಲ, ಯಾರೂ ಜಗಳ ತೆಗೆಯುವುದಿಲ್ಲ. ಮಿಲಿಟರಿ ಹೋಟೆಲಿನವರು ಮಾತ್ರ ಅಂದು ಒಲೆ ಆರದಂತೆ ಕಾಯುತ್ತಾರೆ. ಮದ್ರಾಸ್ ರಸ್ತೆಯಲ್ಲಿ ಊರು ದಾಟುವ ಕಡೆ ಹೋಟೆಲು ಇಟ್ಟಿರುವ ಕೊಂಡಮ್ಮ ಮಾಂಸ ಸುಡಲು ತರಿಸಿದ ಪೆಟ್ಟಿಗೆ ಇದು. ನಾಳೆ ಬೆಳಿಗ್ಗೆ ಇದು ಅವರ ಹೋಟೆಲಿನ ಮುಂದೆ ಉರಿಯಬೇಕು.

ಉರಿಯದಿದ್ದರೆ ಕೊಂಡಮ್ಮನಿಗೆ ಒಂದು ಪೆಟ್ಟಿಗೆ ಹೋಗುತ್ತದೆ, ಕದಿರಪ್ಪನಿಗೆ ಅಂಗಡಿಯೇ ಹೋಗುತ್ತದೆ. ಅವರ ಅಣ್ಣ ಅಶ್ವತ್ಥಪ್ಪ ಮಾಲೂರಿನ ಇಟ್ಟಿಗೆ ಗೂಡೊಂದರಲ್ಲಿ ಮೇಸ್ತ್ರಿ. ತಗಡಿನ ಕೆಲಸ ನೆಚ್ಚಿಕೊಂಡು ಇನ್ನೆಷ್ಟು ದಿನ, ಗೂಡಿಗೆ ಬಂದುಬಿಡು ಎಂದು ಕರೆಯುತ್ತಲೇ ಇದ್ದಾರೆ. ಶಿವರಾತ್ರಿಯಲ್ಲಿ ಕದಿರಪ್ಪ ಮಾತು ಕೊಟ್ಟಿದ್ದಾರೆ: ಕೊಂಡಮ್ಮನ ಪೆಟ್ಟಿಗೆ ಹತ್ತಿಕೊಂಡರೆ ಮುಳಬಾಗಿಲಲ್ಲೇ ಇರುವುದು, ಹತ್ತದಿದ್ದರೆ ತೊಡಕು ಕಳೆದ ಮಾರನೆಯ ದಿನ ಗಂಟುಮೂಟೆ ಕಟ್ಟಿ ಮಾಲೂರಿಗೆ ಹೊರಡುವುದು.

*

ಕದಿರಪ್ಪ ಹುಟ್ಟಿದ್ದೂ ಮಾಲೂರಿನಲ್ಲೇ. ಇಟ್ಟಿಗೆ ಗೂಡಿನ ಕೆಲಸ ಅವರಿಗೆ ಹೊಸದಲ್ಲ; ಹುಡುಗನಾಗಿದ್ದಾಗ ಹಸಿ ಇಟ್ಟಿಗೆ ಹೊತ್ತವರೇ. ಆ ಬಿಸಿಯಲ್ಲಿ ಕೆಮ್ಮು ಹಿಡಿದು ಬಿಡದೆ ಹೋದಾಗ ಕೋಲಾರದ ಒಬ್ಬ ತಗಡಿನ ಕೆಲಸದವರ ಬಳಿ ಸೇರಿದರು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಲಾಳಿಕೆ, ಜರಡಿ, ಬುಡ್ಡಿದೀಪ, ನೀರಿನ ಡಬ್ಬ ಮಾಡುವುದನ್ನು ಕಲಿತರು. ಮದುವೆಯಾದದ್ದು ತಾಯಲೂರಿನ ಬಚ್ಚಮ್ಮನನ್ನು. ಹೆಣ್ಣು ಕೊಟ್ಟವರು ಮುಳಬಾಗಿಲಿನಲ್ಲಿ ಅಂಗಡಿಗೆ ಜಾಗ ನೋಡಿಕೊಟ್ಟರು. ಅಂದಿನಿಂದ ಇಲ್ಲೇ.

"ನಾನು ಬಂದಾಗ ಈ ಬೀದೀಲಿ ಎಲ್ರ ಮನೇಲೂ ತೆಲುಗು. ನಾನೊಬ್ಬ ಬಾಯಿ ಮುಚ್ಕೊಂಡು ಕೂತಿರ್ತಿದ್ದೆ" ಎನ್ನುತ್ತಾರೆ. "ಈಗ ಅರ್ಥ ಆಗ್ತದೆ. ಮಾತಾಡೋಕೆ ಹೋದ್ರೆ ಇವಳು ನಗ್ತಾಳೆ."

"ನಗ್ದೆ ಇನ್ನೇನು ಮಾಡ್ಲಿ? ಇವ್ರ ತೆಲುಗು ಕೇಳಿದ್ರೆ ಹಸು ಹಾಲು ಕೊಡಲ್ಲ" ಎನ್ನುತ್ತಾರೆ ಬಚ್ಚಮ್ಮ.

ಎಪ್ಪತ್ತರ ದಶಕದ ಕೊನೆಗೆ ತಗಡಿನ ಕೆಲಸ ಇಳಿಯತೊಡಗಿತು. ಸಂತೆಗೆ ಪ್ಲಾಸ್ಟಿಕ್ ಬಕೆಟ್ಟು, ಬಿಂದಿಗೆ ಬಂದವು. ಕದಿರಪ್ಪನ ಡಬ್ಬಗಳಿಗೆ ಗಿರಾಕಿ ಕಡಿಮೆಯಾದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ತಾಲ್ಲೂಕು ಕಚೇರಿಯವರ, ಮೇಷ್ಟರುಗಳ ಮನೆಗೆ, ಆಮೇಲೆ ಹೋಟೆಲುಗಳಿಗೆ ಗ್ಯಾಸ್ ಒಲೆ ಬಂದಿತು. ಒಲೆ ಬಂದಷ್ಟು ಸಲೀಸಾಗಿ ಸಿಲಿಂಡರ್ ಬರಲಿಲ್ಲ. ಹೆಸರು ಬರೆಸಿ ಕಾಯಬೇಕು, ಕೋಲಾರದಿಂದ ಲಾರಿ ಬಂದ ದಿನ ಸಾಲು ನಿಲ್ಲಬೇಕು. ಮನೆಯವರು ಹೇಗೋ ಸೀಮೆಎಣ್ಣೆ ಸ್ಟೌನಲ್ಲಿ ತಳ್ಳಿದರು. ಹೋಟೆಲಿನವರಿಗೆ ಅದು ಸಾಲದು. ಥಳಥಳಿಸುವ ಒಲೆಗಳು ಹಿತ್ತಿಲು ಸೇರಿ, ಅವುಗಳ ಮೇಲೆ ಕೋಳಿ ಮಲಗತೊಡಗಿದವು.

ಅಂಥ ಒಂದು ಒಲೆಯನ್ನು ಬಸ್ ನಿಲ್ದಾಣದ ಟೀ ಅಂಗಡಿಯವರು ಗುಜರಿಗೆ ಹಾಕಲು ಹೊರಟಾಗ ಕದಿರಪ್ಪ ತಡೆದರು. ಬರ್ನರು, ಪೈಪು, ತಿರುಪು ಎಲ್ಲ ಬಿಚ್ಚಿ ತೆಗೆದರು. ಒಳಗೆ ಕಬ್ಬಿಣದ ಸಲಾಕೆಗಳ ಜಾಲರಿ ಕೂರಿಸಿದರು, ಕೆಳಗೆ ಬೂದಿಗೆ ಎಳೆಯುವ ತಟ್ಟೆ ಮಾಡಿದರು, ಮೇಲೆ ಇದ್ದಿಲು ಸುರಿದರು. ಹತ್ತಿಕೊಂಡಿತು. ಮೂರನೆಯ ದಿನ ಒಲೆಯ ಪಕ್ಕೆ ಬಾಗಿ, ಮೂಲೆಯ ಬೆಸುಗೆ ಕರಗಿ ಟೀ ಪಾತ್ರೆ ಜಾರಿ ಬಿದ್ದಿತು.

ಆ ಬಿದ್ದ ಪಾತ್ರೆಯಿಂದಲೇ ಕಸುಬು ಕಲಿತೆ ಎನ್ನುತ್ತಾರೆ ಕದಿರಪ್ಪ. ಗ್ಯಾಸಿನ ಉರಿ ಪಾತ್ರೆಯ ತಳಕ್ಕೆ ಮಾತ್ರ ತಾಗುತ್ತದೆ. ಹಾಗಾಗಿ ಅದರ ಗೂಡಿಗೆ ತೆಳು ತಗಡು ಸಾಕು. ಇದ್ದಿಲಿನ ಬಿಸಿ ಹಾಗಲ್ಲ, ಸುತ್ತಲೂ ಹರಡುತ್ತದೆ. ತೆಳು ತಗಡಿಗೆ ಒಳಗಡೆಯಿಂದ ಮಣ್ಣಿನ ಗೋಡೆ ಬೇಕು. ಬೆಸುಗೆ ನಿಲ್ಲುವುದಿಲ್ಲ, ರಿವಿಟ್ ಹೊಡೆಯಬೇಕು. ತಗಡಿಗೆ ಬಳಿದ ಬಣ್ಣವೋ ಸತುವೋ ಮೊದಲ ಉರಿಯಲ್ಲಿ ಕೆಟ್ಟ ಹೊಗೆ ಬಿಡುತ್ತದೆ. ಬಯಲಿನಲ್ಲಿಟ್ಟು ಅದನ್ನು ಸುಟ್ಟು ಕಳೆಯುವ ತನಕ ಅದರ ಮೇಲೆ ಅಡುಗೆ ಮಾಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಗಾಳಿಯ ವಿಷಯ.

"ಗ್ಯಾಸ್ ತಾನಾಗೇ ಪೈಪಿಂದ ನುಗ್ಗಿ ಬರ್ತದೆ. ಇದ್ದಿಲು ಹಂಗಲ್ಲ. ಅದು ಕೂತಲ್ಲೇ ಕೂತಿರ್ತದೆ, ನಾವೇ ಅದರ ಕೆಳಕ್ಕೆ ಗಾಳಿ ಬಿಡ್ಬೇಕು" ಎಂದು ಅವರು ವಿವರಿಸುತ್ತಾರೆ. "ಬೂದಿ ತುಂಬ್ಕೊಂಡ್ರೆ ಮೂಗು ಕಟ್ಟಿದಂಗೆ. ಅದಕ್ಕೇ ಜಾಲರಿ ಕೆಳಗೆ ಖಾಲಿ ಜಾಗ ಇರ್ಬೇಕು."

ಮಣ್ಣಿನ ಕೆಲಸ ಪೂರ್ತಿ ಬಚ್ಚಮ್ಮನದು. ಕೆರೆಯ ಜೇಡಿಮಣ್ಣನ್ನು ರಾಗಿ ಹೊಟ್ಟಿನ ಜೊತೆ ತುಳಿದು, ಒಂದು ರಾತ್ರಿ ಕೊಳೆಹಾಕಿ, ಒಳಗೆ ಬೆರಳಿನಲ್ಲಿ ಮೆತ್ತುತ್ತಾರೆ. ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ; ಹಸಿಯಿದ್ದಾಗ ಉರಿ ಹಾಕಿದರೆ ಸಿಡಿದು ಉದುರುತ್ತದೆ. ಸಣ್ಣ ಒಲೆಗೆ ವಾರ ಸಾಕು, ದೊಡ್ಡದಕ್ಕೆ ಎರಡು ವಾರ ಮೀರುತ್ತದೆ. ಗಿರಾಕಿಗಳು ಹುಡುಕಿಕೊಂಡು ಬರುವುದು ಕದಿರಪ್ಪನನ್ನು. ಒಲೆ ಚೆನ್ನಾಗಿ ಬಾಳಿದರೆ ಅದು ಮಣ್ಣಿನ ಗುಣ ಎಂದು ಕದಿರಪ್ಪ ಹೇಳುತ್ತಾರೆ, ಕಬ್ಬಿಣದ ಗುಣ ಎಂದು ಬಚ್ಚಮ್ಮ ಹೇಳುತ್ತಾರೆ. ಕೆಟ್ಟರೆ ಇದೇ ಮಾತು ತಿರುವುಮುರುವಾಗುತ್ತದೆ.

ಮುಳಬಾಗಿಲು, ಶ್ರೀನಿವಾಸಪುರದ ಟೀ ಅಂಗಡಿಗಳಲ್ಲಿ ಈಗ ಇವರು ಮಾರ್ಪಡಿಸಿದ ಒಲೆಗಳಿವೆ. ಒಲೆಯ ಮೇಲೆ ಗ್ಯಾಸ್ ಕಂಪನಿಯ ಹೆಸರಿದೆ, ಇವರ ಹೆಸರಿಲ್ಲ. ಎಲ್ಲವೂ ಸಣ್ಣವು, ಒಂದು ಪಾತ್ರೆ ಕೂರುವಂಥವು. ಅಷ್ಟರಿಂದಲೇ ಇಬ್ಬರ ಸಂಸಾರ ನಡೆಯುವುದಿಲ್ಲ. ಹೆದ್ದಾರಿಯ ದೊಡ್ಡ ಹೋಟೆಲಿನವರು ಕೆಲಸ ಕೊಟ್ಟರಷ್ಟೇ ಅಂಗಡಿ ಉಳಿಯುವ ಮಾತು. ಅವರೆಲ್ಲ ಕಾಯುತ್ತಿರುವುದು ಕೊಂಡಮ್ಮನ ಪೆಟ್ಟಿಗೆಗೆ ಏನಾಗುತ್ತದೆ ಎಂದು ನೋಡಲು.

*

ಈ ಪೆಟ್ಟಿಗೆ ಒಲೆಯಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಮುಚ್ಚಿಹೋದ ಹೋಟೆಲೊಂದರಲ್ಲಿ ಕೋಳಿ, ಕುರಿಯ ಪಕ್ಕೆ ಸುಡಲು ಇಟ್ಟುಕೊಂಡಿದ್ದ ಗ್ಯಾಸ್ ಗ್ರಿಲ್. ಒಬ್ಬ ಆಳು ಎರಡೂ ಕೈ ಚಾಚಿದಷ್ಟು ಉದ್ದ. ಕೆಳಗೆ ಉದ್ದಕ್ಕೂ ಹೋದ ಬರ್ನರಿನ ಕೊಳವೆಗಳು, ಮೇಲೆ ಸಲಾಕೆಗಳು. ಕೊಂಡಮ್ಮ ಅದನ್ನು ಹೋದ ವರ್ಷ ಲಾರಿಯಲ್ಲಿ ತರಿಸಿದರು. ಲಾರಿ ಚಾಲಕರು ಅದರ ರುಚಿ ಹತ್ತಿಸಿಕೊಳ್ಳುವ ಹೊತ್ತಿಗೆ ಸಿಲಿಂಡರ್ ಮುಗಿಯಿತು. ಮತ್ತೊಂದು ಬಂದು, ಅದೂ ಮುಗಿದು, ಪೆಟ್ಟಿಗೆ ಹಿತ್ತಿಲು ಸೇರಿತು.

ಕೊಂಡಮ್ಮನೂ ತಾಯಲೂರಿನವರೇ. ಬಚ್ಚಮ್ಮನನ್ನು ಅಕ್ಕ ಎಂದು ಕರೆಯುವುದರಿಂದ ಕದಿರಪ್ಪ ಅವರಿಗೆ ಬಾವ. ಬಾವನನ್ನು ಗೇಲಿ ಮಾಡುವ ಹಕ್ಕನ್ನು ಅವರು ಒಂದು ದಿನವೂ ಬಿಟ್ಟುಕೊಟ್ಟವರಲ್ಲ. ಮಾಘದಲ್ಲಿ ಪೆಟ್ಟಿಗೆ ತಂದಿಳಿಸಿ, ಎಲ್ಲಿ ಏನು ಬೇಕು ಎಂದು ಹೇಳಿದರು. ಬಚ್ಚಮ್ಮ ಅಂದು ಮಣ್ಣಿಗೆ ಕೆರೆಯ ಕಡೆ ಹೋಗಿದ್ದರು. ಮಾಂಸ ಇಡುವ ಸಲಾಕೆಗೂ ಇದ್ದಿಲಿಗೂ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಅಂತರ ಇರಲಿ, ಹತ್ತಿರ ಇದ್ದರೆ ಕೊಬ್ಬು ಸೋರಿ ಉರಿ ಏಳುತ್ತದೆ ಎಂದರು ಕೊಂಡಮ್ಮ. ಹೊರಡುವಾಗ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದರು: "ಉದ್ದ ಪೆಟ್ಟಿಗೆ ಬಾವ. ಕೆಳಗಡೆ ನಾಲ್ಕು ಕಡೆನೂ ಗಾಲಿ ಇರ್ಲಿ, ಮರೀಬೇಡ."

ಕದಿರಪ್ಪ ಮರೆಯಲಿಲ್ಲ. ಕೋಲಾರದ ಗುಜರಿಗೆ ಎರಡು ಸಲ ಹೋಗಿ, ಹಳೆಯ ತಳ್ಳುಗಾಡಿಯೊಂದರ ಕಬ್ಬಿಣದ ಗಾಲಿಗಳನ್ನು ಹುಡುಕಿ ತಂದರು. ಪೆಟ್ಟಿಗೆಯ ನಾಲ್ಕು ಮೂಲೆಗೂ ಕಾಲು ಕೊಟ್ಟು, ನಾಲ್ಕಕ್ಕೂ ಗಾಲಿ ಕೂರಿಸಿದರು. ಗಾಳಿಗೆ ಎಂದಿನಂತೆ ಮುಂದಿನ ಬೂದಿ ತಟ್ಟೆಯ ಬಾಯಿ ಒಂದನ್ನೇ ಬಿಟ್ಟರು. ಸಣ್ಣ ಒಲೆಗಳಿಗೆಲ್ಲ ಅಷ್ಟೇ ಬಿಡುತ್ತಿದ್ದುದು. ಒಳಗೆ ಮಣ್ಣು ಮೆತ್ತಿದ್ದಾಯಿತು, ಒಣಗಿದ್ದಾಯಿತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕೊಂಡಮ್ಮ ನೋಡಲು ಬಂದರು. ಬಾಗಿಲಲ್ಲೇ ನಿಂತರು.

"ಏನ್ ಬಾವ ಇದು? ಎತ್ತು ಎಲ್ಲಿ?"

"ಎಂಥ ಎತ್ತು?"

"ಗಾಡಿ ಮಾಡಿಟ್ಟಿದ್ದೀಯಲ್ಲ, ಕಟ್ಟೋಕೆ ಎತ್ತು ಬೇಡವಾ?"

"ನೀನೇ ಹೇಳಿದ್ದು ಕೊಂಡಮ್ಮ. ನಾಲ್ಕು ಕಡೆನೂ ಗಾಲಿ ಇರ್ಲಿ ಅಂದೆ."

"ಹೌದು ಅಂದೆ. ಗಾಲಿ! ಉಸ್ ಅಂತ ಬರ್ತದಲ್ಲ, ಗಾಲಿ! ಬೆಂಕಿಗೆ ಗಾಲಿ ಬೇಡವಾ?"

ಬಚ್ಚಮ್ಮ ನಗಲು ಶುರುಮಾಡಿದವರು ಕಂಬ ಹಿಡಿದುಕೊಂಡು ಕೂತುಬಿಟ್ಟರು. "ಅಯ್ಯೋ ದೇವುಡಾ! ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿ ಗಾಲಿ ಅಂದ್ರೆ ಏನು ಅಂತ ಗೊತ್ತಾಗ್ಲಿಲ್ಲವಲ್ಲಯ್ಯಾ ನಿಂಗೆ!"

ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ. ಈ ಗಡಿಯ ಊರುಗಳಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು. ಕದಿರಪ್ಪನಿಗೂ ಅದು ಗೊತ್ತಿಲ್ಲದ್ದಲ್ಲ.

"ಅವಳು ತೆಲುಗಲ್ಲಿ ಹೇಳಿದ್ರೆ ಗಾಳಿ ಅಂತ್ಲೇ ತಿಳ್ಕೊಂತಿದ್ದೆ" ಎನ್ನುತ್ತಾರೆ ಅವರು ಈಗಲೂ, ಸ್ವಲ್ಪ ಬಿಗುಮಾನದಿಂದಲೇ. "ಆವತ್ತು ಪೂರ್ತಿ ಕನ್ನಡದಲ್ಲಿ ಮಾತಾಡ್ತಿದ್ಲು. ಕನ್ನಡದ ಮಧ್ಯೆ ಬಂದ ಗಾಲಿ ಕನ್ನಡದ್ದೇ ಅಂದ್ಕೊಂಡೆ. ಎಳ್ಕೊಂಡು ಹೊರಗೆ ಇಡೋಕೆ, ಒಳಗೆ ಇಡೋಕೆ ಕೇಳ್ತಿದ್ದಾಳೆ ಅಂತ."

ನಗು ಮುಗಿದ ಮೇಲೆ ಇದ್ದಿಲು ಹಾಕಿ ಹತ್ತಿಸಿ ನೋಡಿದರು. ಬೂದಿ ತಟ್ಟೆಯ ಬಾಯಿಯ ಬಳಿ ಇದ್ದಿಲು ಕೆಂಪಗೆ ಕಾದಿತು. ಮಧ್ಯಕ್ಕೆ ಬರುವಷ್ಟರಲ್ಲಿ ಮಂಕಾಯಿತು. ಆ ತುದಿಯಲ್ಲಿ ಹೊಗೆಯಾಡಿ ಕಪ್ಪಗೆ ಕೂತಿತು. ಕೊಂಡಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಷ್ಟು ಉದ್ದದ ಬೆಂಕಿಗೆ ಒಂದು ಬಾಯಿ ಸಾಲದು.

ಈಗ ಕೊಂಡಮ್ಮ ನಗಲಿಲ್ಲ. "ಬಾವ, ತೊಡಕಿನ ದಿನ ನನ್ನ ಬಾಗಿಲಲ್ಲಿ ಬೆಂಕಿ ಆರಿದ್ರೆ ಈ ವರ್ಷವೆಲ್ಲ ನಾನು ಏನು ಅಂತ ಕೂತ್ಕೊಳ್ಲಿ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಗುಜರಿಗೆ ಹಾಕಿ ಸೌದೆ ಒಲೆ ಹಾಕಿಸ್ಕೊಂತೀನಿ, ಮನಸ್ಸಿಗೆ ಬೇಜಾರು ಮಾಡ್ಕೊಳ್ಳಲ್ಲ."

"ತೊಡಕಿನ ಬೆಳಿಗ್ಗೆ ತರ್ತೀನಿ" ಎಂದರು ಕದಿರಪ್ಪ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಹೊಸದಾಗಿ ಗಾಳಿಯ ದಾರಿ ತೆರೆಯಬೇಕಾದದ್ದು ಜಾಲರಿಯ ಕೆಳಗಿನ ಪಟ್ಟಿಯಲ್ಲಿ. ಅಲ್ಲಿ ಬರೀ ತಗಡು, ಮಣ್ಣಿಲ್ಲ. ಆದರೆ ಅದರ ಮೇಲಿನ ಗೋಡೆಯೆಲ್ಲ ಒಣಗಿದ ಮಣ್ಣು. ಉಳಿಯಿಟ್ಟು ಸುತ್ತಿಗೆಯಲ್ಲಿ ಹೊಡೆದರೆ ಅರ್ಧ ದಿನದ ಕೆಲಸ. ಹೊಡೆತಕ್ಕೆ ತಗಡು ಅದುರಿ ಮಣ್ಣು ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡರೆ ಮತ್ತೆ ಮೆತ್ತಿ ಒಣಗಿಸಲು ದಿನಗಳಿಲ್ಲ. ಮೊದಲ ತೂತಿಗೆ ಅವರು ಉಳಿಯನ್ನೇ ಇಟ್ಟರು. ಒಂದೇ ಹೊಡೆತಕ್ಕೆ ಒಳಗೋಡೆಯಲ್ಲಿ ಕೂದಲೆಳೆಯಷ್ಟು ಗೆರೆ ಮೂಡಿತು. ಬಚ್ಚಮ್ಮ ಅದರ ಮೇಲೆ ಬೆರಳಿಟ್ಟು ತೋರಿಸಿದರು. ಕದಿರಪ್ಪ ಉಳಿಯನ್ನು ಮೂಲೆಗಿಟ್ಟು ಬೈರಿಗೆ ತೆಗೆದರು. ಆ ದಿನ ಮುಂದಿನ ಬದಿ ಮುಗಿಯಿತು. ಉಳಿದ ಮೂರು ಬದಿಗೆ ಯುಗಾದಿಯ ದಿನವೊಂದೇ ಉಳಿಯಿತು.

*

ಹಬ್ಬದ ಮಧ್ಯಾಹ್ನ. ಬೀದಿಯಲ್ಲಿ ಒಬ್ಬಟ್ಟಿನ ವಾಸನೆ. ಕದಿರಪ್ಪ ಎರಡು ಬದಿ ಮುಗಿಸಿ ಕೈ ಕೊಡವಿಕೊಳ್ಳುತ್ತಾರೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ತೂತು ಬಿದ್ದರೆ ಮುಗಿಯಲಿಲ್ಲ. ದುಂಡು ಅರದಲ್ಲಿ ಒಂದೊಂದನ್ನೂ ಹೆಬ್ಬೆರಳು ಹೋಗುವಷ್ಟು ಅಗಲ ಮಾಡಬೇಕು. ಬಚ್ಚಮ್ಮ ಅಲ್ಲಿಗೇ ಬೇವುಬೆಲ್ಲ ತರುತ್ತಾರೆ. ಕದಿರಪ್ಪನ ಕೈಯೆಲ್ಲ ಎಣ್ಣೆ, ಕಬ್ಬಿಣದ ಪುಡಿ. ಅವರೇ ಬಾಯಿಗೆ ಹಾಕುತ್ತಾರೆ.

"ನಾಳಿದ್ದು ನಿಮ್ಮಣ್ಣ ಬರ್ತಾರೆ" ಎನ್ನುತ್ತಾರೆ.

"ಬರ್ಲಿ."

"ಮಾಲೂರಲ್ಲಿ ನಂಗೆ ಯಾರು ಗೊತ್ತು? ಅಲ್ಲಿ ಕೆರೆ ಮಣ್ಣು ಹೆಂಗಿರ್ತದೋ ಏನೋ."

ಕದಿರಪ್ಪ ಅಗಿಯುತ್ತಲೇ ಇನ್ನೊಂದು ಬದಿಗೆ ಹೊರಳಿ ಮಲಗುತ್ತಾರೆ. ಬಚ್ಚಮ್ಮ ತಟ್ಟೆ ಕೆಳಗಿಟ್ಟು, ಮಣ್ಣಿನ ಮೇಲೆ ಮತ್ತೆ ಅಂಗೈ ಇಡುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಕೊನೆಯ ತೂತು ಬೀಳುತ್ತದೆ. ಮಣ್ಣಿನ ಗೋಡೆಯಲ್ಲಿ ಆ ಒಂದು ಗೆರೆಯ ಹೊರತು ಬೇರೆ ಗೆರೆಯಿಲ್ಲ. ಬಟ್ಟಲಿನ ತಳದಲ್ಲಿ ಉಳಿದ ಎಣ್ಣೆಯನ್ನು ಬಚ್ಚಮ್ಮ ಗಂಡನ ನೆತ್ತಿಗೆ ತಟ್ಟಿ, ಹಂಡೆಯ ಬಳಿಗೆ ಕಳಿಸುತ್ತಾರೆ.

ತೊಡಕಿನ ಬೆಳಿಗ್ಗೆ ಊರಿನಲ್ಲಿ ಗಾಡಿಯವರು ಸಿಗುವುದಿಲ್ಲ. ಎಲ್ಲರೂ ಪಾಲು ಹಾಕಿ ಕೊಯ್ಯಿಸಿದ ಕುರಿಯ ಮಾಂಸವನ್ನು ಗುಡ್ಡೆಗಳಾಗಿ ಹಂಚುವಲ್ಲಿ ಕೂತಿರುತ್ತಾರೆ. ಕದಿರಪ್ಪ ಪೆಟ್ಟಿಗೆಗೆ ಹಗ್ಗ ಕಟ್ಟಿ ಎಳೆಯುತ್ತಾರೆ, ಹಿಂದಿನಿಂದ ಬಚ್ಚಮ್ಮ ಹಿಡಿದುಕೊಂಡು ಬರುತ್ತಾರೆ. ಕಬ್ಬಿಣದ ಗಾಲಿಗಳ ಕಟಕಟ ಸದ್ದಿಗೆ ಬೀದಿಯ ಬಾಗಿಲುಗಳೆಲ್ಲ ತೆರೆಯುತ್ತವೆ. ಕುಣಿಗಳು ಬಂದಲ್ಲಿ ಬಚ್ಚಮ್ಮ "ನಿಧಾನ" ಎನ್ನುತ್ತಾರೆ. ಹೆದ್ದಾರಿಗೆ ಬಂದಾಗ ಇನ್ನೊಂದು ಹೋಟೆಲಿನ ಗಂಗುಲಪ್ಪ ಹಲ್ಲುಜ್ಜುತ್ತಾ ನಿಂತಿದ್ದಾರೆ.

"ಏನ್ ಕದಿರಪ್ಪಣ್ಣ, ಮದ್ರಾಸಿಗಾ? ಗಾಡಿಗೆ ಪರ್ಮಿಟ್ ಐತಾ?"

"ಐತೆ. ನೀನು ಹತ್ಕೋ, ಚಿತ್ತೂರಿನ ತನಕ ಬಿಡ್ತೀನಿ" ಎನ್ನುತ್ತಾರೆ ಕದಿರಪ್ಪ.

ಕೊಂಡಮ್ಮ ಹೋಟೆಲಿನ ಮುಂದೆ ಸಾರಿಸಿ ಜಾಗ ಮಾಡಿದ್ದಾರೆ. ಜಾಲಿ ಇದ್ದಿಲಿನ ಮೂಟೆ ಬಿಚ್ಚಿ, ಪೆಟ್ಟಿಗೆಯ ಉದ್ದಕ್ಕೂ ಸಮನಾಗಿ ಹರಡಿ, ಮಧ್ಯದಲ್ಲಿ ಕರ್ಪೂರ ಹಚ್ಚುತ್ತಾರೆ. ಗಂಗುಲಪ್ಪ ಬಾಯಿ ಮುಕ್ಕಳಿಸಿಕೊಂಡು ಬಂದು ನಿಲ್ಲುತ್ತಾರೆ. ಆಚೆ ನಿಲ್ಲಿಸಿದ ಲಾರಿಗಳ ಚಾಲಕರೂ ಬರುತ್ತಾರೆ. ಯಾರಿಗೂ ಬೀಸಣಿಗೆ ಮುಟ್ಟಲು ಕದಿರಪ್ಪ ಬಿಡುವುದಿಲ್ಲ. ತಾನಾಗಿ ಹತ್ತಬೇಕು, ಬೀಸಿ ಹತ್ತಿಸಿದರೆ ಲೆಕ್ಕಕ್ಕಿಲ್ಲ ಎನ್ನುತ್ತಾರೆ.

ಮಧ್ಯದ ಇದ್ದಿಲು ಚಟಪಟ ಎಂದು ಕೆಂಪಾಗುತ್ತದೆ. ಕೆಂಪು ಎರಡೂ ಕಡೆಗೆ ಹರಿಯತೊಡಗುತ್ತದೆ, ನಿಧಾನವಾಗಿ. ಮೊನ್ನೆ ಕಪ್ಪಗೆ ಕೂತಿದ್ದ ತುದಿಯಲ್ಲಿ ಮೊದಲು ಹೊಗೆ ಬರುತ್ತದೆ. ಹೊಗೆ ಬರುತ್ತಲೇ ಇರುತ್ತದೆ. ಬಚ್ಚಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಾರೆ. ಆಮೇಲೆ ಹೊಗೆ ತೆಳುವಾಗುತ್ತದೆ. ಒಂದು ಇದ್ದಿಲಿನ ಅಂಚು ಬೆಳಗುತ್ತದೆ, ಅದರ ಪಕ್ಕದ್ದು, ಅದರಾಚೆಯದು. ಕದಿರಪ್ಪ ನಾಲ್ಕು ಮೂಲೆಗಳ ಮೇಲೂ ಅಂಗೈ ಹಿಡಿದು ನೋಡುತ್ತಾರೆ. ನಾಲ್ಕು ಕಡೆಯೂ ಅಷ್ಟೇ ಹೊತ್ತಿಗೆ ಬಿಸಿ ತಾಳದೆ ಕೈ ಹಿಂದಕ್ಕೆ ಬರುತ್ತದೆ.

"ಇಡಮ್ಮ" ಎನ್ನುತ್ತಾರೆ.

ಕೊಂಡಮ್ಮ ಕುರಿಯ ಪಕ್ಕೆಗಳನ್ನು ಸಾಲಾಗಿ ಇಡುತ್ತಾರೆ. ಕೊಬ್ಬು ಸೋರಿ ಚುರ್ ಎನ್ನುತ್ತದೆ, ಉರಿ ಏಳುವುದಿಲ್ಲ. ಸ್ವಲ್ಪ ಹೊತ್ತಿಗೆ ಹೆದ್ದಾರಿಯ ಕಡೆಯಿಂದ ಗಾಳಿ ಬೀಸಿ, ಆ ಬದಿಯ ಇದ್ದಿಲು ಬೇಗ ಬೇಗ ಬೂದಿಯಾಗತೊಡಗುತ್ತದೆ. ಕೊಂಡಮ್ಮ ಸೊಂಟದಿಂದ ಪೆಟ್ಟಿಗೆಯನ್ನು ನೂಕಿ ಸ್ವಲ್ಪ ತಿರುಗಿಸುತ್ತಾರೆ. ಗಾಲಿಗಳು ಉರುಳುತ್ತವೆ. ಉರಿ ಮತ್ತೆ ಸಮನಾಗುತ್ತದೆ.

"ಗಾಲಿ ಬಿಚ್ಚಿಬಿಡ್ಲಾ ಕೊಂಡಮ್ಮ?" ಕದಿರಪ್ಪ ಕೇಳುತ್ತಾರೆ.

"ಇರ್ಲಿ ಬಿಡು ಬಾವ. ಬಿಚ್ಚೋಕೆ ಮತ್ತೆ ಯಾಕೆ ನಿಂಗೆ ಕಷ್ಟ" ಎನ್ನುತ್ತಾರೆ ಕೊಂಡಮ್ಮ, ಮುಖ ಎತ್ತದೆ.

ಆ ದಿನ ಪೆಟ್ಟಿಗೆ ಸಂಜೆಯವರೆಗೆ ಆರಲಿಲ್ಲ. ಗಂಗುಲಪ್ಪ ಎರಡು ಸಲ ಬಂದು ತಿಂದರು. ಎರಡನೆಯ ಸಲ ತಮ್ಮ ಹಿತ್ತಿಲಿನಲ್ಲೂ ಒಂದು ಗ್ಯಾಸಿನ ಒಲೆ ಬಿದ್ದಿದೆ, ಮೂರು ಬರ್ನರಿನದು, ನಾಳೆ ಕಳಿಸಲೇ ಎಂದು ಕೇಳಿದರು.

*

ಮಾರನೆಯ ಬೆಳಿಗ್ಗೆ ಅಶ್ವತ್ಥಪ್ಪ ಇಟ್ಟಿಗೆ ಲಾರಿಯಲ್ಲಿ ಬಂದಿಳಿಯುತ್ತಾರೆ. ಲಾರಿ ಇಟ್ಟಿಗೆ ಇಳಿಸಿ ಮಧ್ಯಾಹ್ನ ಮಾಲೂರಿಗೆ ಖಾಲಿ ವಾಪಸಾಗುತ್ತದೆ. ತಮ್ಮನ ಸಾಮಾನು ಹಾಕಿಕೊಳ್ಳಲು ಅನುಕೂಲ. ಅಂಗಡಿಯೊಳಗೆ ಇಣುಕಿದರೆ ಗಂಟು ಕಟ್ಟಿದ ಲಕ್ಷಣವೇ ಇಲ್ಲ. ನೆಲದ ಮೇಲೆ ಗಂಗುಲಪ್ಪನ ಒಲೆ ಬಿಚ್ಚಿ ಹರಡಿದೆ. ಹಿತ್ತಿಲಿನಲ್ಲಿ ಬಚ್ಚಮ್ಮ ಮೊಣಕಾಲಿನ ತನಕ ಸೀರೆ ಎತ್ತಿಕಟ್ಟಿ ಮಣ್ಣು ತುಳಿಯುತ್ತಿದ್ದಾರೆ.

"ಏನ್ಲಾ, ಹೊರಡಲ್ವಾ?"

"ಇಲ್ಲಣ್ಣ. ಹತ್ಕೊಂತು."

ಅಶ್ವತ್ಥಪ್ಪ ಒಲೆಯ ಚೂರುಗಳನ್ನೂ ತಮ್ಮನ ಅಂಗೈಯ ಬೊಬ್ಬೆಗಳನ್ನೂ ನೋಡುತ್ತಾರೆ. "ಹಿಂಗೆ ಒಂದೊಂದೇ ಒಲೆ ಮಾಡ್ಕೊಂಡು ಎಷ್ಟು ದಿನ ಅಂತ ಕಣೋ? ನಾಳೆ ಗ್ಯಾಸ್ ಸಲೀಸಾಗಿ ಸಿಕ್ಕಿಬಿಟ್ರೆ?"

ಕದಿರಪ್ಪ ಒಂದು ತಿರುಪು ಬಿಚ್ಚಿ ಪಕ್ಕಕ್ಕಿಡುತ್ತಾರೆ. "ಸಿಗ್ಲಿ. ಸಿಗೋ ತನಕ ಜನ ಉಣ್ಬೇಕಲ್ಲಣ್ಣ" ಎನ್ನುತ್ತಾರೆ. ಆಮೇಲೆ ಅಣ್ಣನಿಗೆ ಕೂರಲು ಮಣೆ ಹಾಕಿ, ಮತ್ತೆ ಕೆಲಸಕ್ಕೆ ಬಾಗುತ್ತಾರೆ. ಬೇರೇನು ಬೇಕು ಎಂದು ಯಾರಾದರೂ ಕೇಳಿದರೆ ಬೈರಿಗೆಯನ್ನು ಎತ್ತಿ ತೋರಿಸುತ್ತಾರೆ. ಒಂದು ಹೊಸ ಬೈರಿಗೆ ಬೇಕು, ಹಳೆಯದರ ಹಲ್ಲು ಸವೆದಿದೆ.

ಲಾರಿ ಹೊರಡುವ ಹೊತ್ತಾಗಿ ಅಶ್ವತ್ಥಪ್ಪ ಎದ್ದಾಗ ಕದಿರಪ್ಪ ತಲೆಯೆತ್ತುತ್ತಾರೆ.

"ಹೋಗೋ ದಾರೀಲಿ ಕೊಂಡಮ್ಮನ ಹೋಟೆಲ್ ಹತ್ರ ಒಂದ್ ಗಳಿಗೆ ನಿಲ್ಸು ಅಣ್ಣ."

"ಹಸಿವಿಲ್ಲ ಕಣೋ. ಈಗ ತಾನೆ ಬಚ್ಚಮ್ಮ ಇಕ್ಕಿದ್ಳಲ್ಲ."

"ಊಟಕ್ಕಲ್ಲಣ್ಣ" ಎನ್ನುತ್ತಾರೆ ಕದಿರಪ್ಪ. "ಬೆಂಕಿ ನೋಡ್ಕೊಂಡು ಹೋಗು."